ಆಂತ್ವಾನ್ ದ ಸೈಂತ್-ಎಕ್ಸುಪೆರಿ

ಆಂತ್ವಾನ್ ದ ಸೈಂತ್-ಎಕ್ಸುಪೆರಿ (ಜೂನ್ 29, 1900 – ಜುಲೈ 31, 1944) ಫ್ರಾನ್ಸ್ ದೇಶದ ವಿಮಾನ ಚಾಲಕ ಹಾಗೂ ಲೇಖಕರು. 'ದಿ ಲಿಟಲ್ ಪ್ರಿನ್ಸ್' ಕೃತಿಯಿಂದ ವಿಶ್ವಖ್ಯಾತರಾದ ಇವರು, ಸಹಾರಾ ಮರುಭೂಮಿಯ ಕಡಲಂಚಿನ ಕೇಪ್ ಜೂಬಿಯಲ್ಲಿ ಅಂಚೆ ವಿಮಾನ ನಿಲ್ದಾಣದ ಮುಖ್ಯಸ್ಥರಾಗಿದ್ದರು.

ಆರಂಭಿಕ ಜೀವನ

ಇವರು ಜನಿಸಿದ್ದು ಲಿಯಾನ್ ನಗರದಲ್ಲಿ. ನಾಲ್ಕು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡರು. ನೌಕಾ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. 1921ರಲ್ಲಿ ಸೇನೆಗೆ ಸೇರಿ ವಿಮಾನ ಚಾಲನೆಯನ್ನು ಕಲಿತರು. 1926ರಲ್ಲಿ ಲಾತೆಕೊಯೆರ್ ಸಂಸ್ಥೆಯ ಅಂಚೆ ವಿಮಾನ ಚಾಲಕರಾದರು.

ಕೇಪ್ ಜೂಬಿ

ಫ್ರಾನ್ಸಿನ ತುಲೂಸ್‌ನಿಂದ ಸೆನೆಗಲ್‌ನ ಡಕಾರ್‌ವರೆಗಿನ ಅಂಚೆ ಮಾರ್ಗದಲ್ಲಿ ಕೇಪ್ ಜೂಬಿ ಒಂದು ತಂಗುದಾಣವಾಗಿತ್ತು. ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಮರಳುಗಾಡು. ನಡುವೆ ಒಂದು ಸ್ಪ್ಯಾನಿಷ್ ಕೋಟೆ. ಕುಡಿಯುವ ನೀರು ಸಹ ಹಡಗಿನಲ್ಲಿ ಬರಬೇಕಾಗಿತ್ತು. ಬ್ರೆಗೆ 14 ಮಾದರಿಯ ಒಂಟಿ ಎಂಜಿನ್ನಿನ ವಿಮಾನಗಳು ಆಗಾಗ್ಗೆ ಕೆಟ್ಟು ಮರುಭೂಮಿಯಲ್ಲಿ ಇಳಿಯುತ್ತಿದ್ದವು. ಒಂದು ಕೆಟ್ಟರೆ ಇನ್ನೊಂದು ನೆರವಾಗಲೆಂದು ಅವು ಜೋಡಿಯಾಗಿ ಹಾರುತ್ತಿದ್ದವು. ಆದರೂ ಕೆಲವು ಚಾಲಕರು ಮೂರ್ ಬುಡಕಟ್ಟಿನವರ ಸೆರೆಗೆ ಸಿಕ್ಕಿದ್ದರು, ಕೆಲವರು ಕೊಲ್ಲಲ್ಪಟ್ಟಿದ್ದರು.

1927ರ ಅಕ್ಟೋಬರ್‌ನಲ್ಲಿ ಇಲ್ಲಿಗೆ ನೇಮಕಗೊಂಡ ಸೈಂತ್-ಎಕ್ಸುಪೆರಿಯವರು ಕೋಟೆಗೆ ತಾಗಿದ್ದ ಮರದ ಹಲಗೆಗಳ ಕೊಠಡಿಯಲ್ಲಿ ವಾಸಿಸಿದರು. ಅರಬ್ಬಿ ಭಾಷೆಯನ್ನು ಅಷ್ಟಿಷ್ಟು ಕಲಿತು, ಬುಡಕಟ್ಟಿನ ಮುಖಂಡರ ಸ್ನೇಹ ಸಂಪಾದಿಸಿದರು. ದಾರಿತಪ್ಪಿದ ಚಾಲಕರನ್ನು ಹುಡುಕಲು ಹಾಗೂ ಸೆರೆಯಾದವರ ಬಿಡುಗಡೆಗಾಗಿ ಮಾತುಕತೆ ನಡೆಸಲು ಈ ವಿಶ್ವಾಸ ನೆರವಾಯಿತು. ತಮ್ಮ ಮೊದಲ ಕಾದಂಬರಿ 'ಸದರ್ನ್ ಮೇಲ್' ಅನ್ನು ಇಲ್ಲಿಯೇ ಬರೆದರು. ಅದು 1929ರಲ್ಲಿ ಪ್ರಕಟವಾಯಿತು. ಇಲ್ಲಿನ ಸೇವೆಗಾಗಿ 1930ರಲ್ಲಿ ಫ್ರಾನ್ಸ್ ಸರ್ಕಾರವು 'ಲೀಜನ್ ಆಫ್ ಆನರ್' ಗೌರವ ನೀಡಿತು.

ನಂತರದ ಜೀವನ

1929ರಲ್ಲಿ ಅರ್ಜೆಂಟೀನಾಕ್ಕೆ ತೆರಳಿ ಅಲ್ಲಿನ ಅಂಚೆ ವಿಮಾನ ಸೇವೆಯ ಹೊಣೆ ಹೊತ್ತರು. 1931ರಲ್ಲಿ ಪ್ರಕಟವಾದ 'ನೈಟ್ ಫ್ಲೈಟ್' ಕಾದಂಬರಿಗೆ ಫೆಮಿನಾ ಪ್ರಶಸ್ತಿ ದೊರೆಯಿತು. 1935ರ ಡಿಸೆಂಬರ್‌ನಲ್ಲಿ ಇವರ ವಿಮಾನವು ಲಿಬಿಯಾ ಮರುಭೂಮಿಯಲ್ಲಿ ಅಪಘಾತಕ್ಕೀಡಾಯಿತು. ಇವರು ಹಾಗೂ ಜೊತೆಗಿದ್ದ ಮೆಕ್ಯಾನಿಕ್ ಆಂದ್ರೆ ಪ್ರೆವೊ ನೀರಿಲ್ಲದೆ ದಿನಗಟ್ಟಲೆ ಅಲೆದರು. ಕೊನೆಗೆ ಒಬ್ಬ ಬೆಡೂಯಿನ್ ಅವರಿಬ್ಬರನ್ನೂ ಉಳಿಸಿದನು. ಮರುಭೂಮಿಯಲ್ಲಿ ವಿಮಾನ ಕೆಟ್ಟು ಸಿಲುಕಿದ ಚಾಲಕನೊಬ್ಬನ ಕಥೆಯಾಗಿ ಆರಂಭವಾಗುವ 'ದಿ ಲಿಟಲ್ ಪ್ರಿನ್ಸ್' 1943ರಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರಕಟವಾಯಿತು.

ನಿಧನ ಮತ್ತು ಸ್ಮರಣೆ

ಎರಡನೆಯ ಮಹಾಯುದ್ಧದ ಸಮಯದಲ್ಲಿ, 1944ರ ಜುಲೈ 31ರಂದು, ಕಾರ್ಸಿಕಾ ದ್ವೀಪದಿಂದ ವೀಕ್ಷಣಾ ಹಾರಾಟಕ್ಕೆ ಹೊರಟ ಇವರು ಮರಳಿ ಬರಲಿಲ್ಲ. ಮಾರ್ಸೇಲ್ ಬಳಿಯ ಸಮುದ್ರದಲ್ಲಿ 2000ರಲ್ಲಿ ದೊರೆತ ಅವಶೇಷಗಳು ಇವರ ವಿಮಾನದವೆಂದು 2004ರಲ್ಲಿ ದೃಢಪಟ್ಟಿತು. ಕೇಪ್ ಜೂಬಿಯ ನೆಲೆ ಇಂದು ಮೊರಾಕೊ ದೇಶದ ತರ್ಫಾಯಾ ಪಟ್ಟಣವಾಗಿದ್ದು, ಅಲ್ಲಿ ಇವರ ನೆನಪಿನ ವಸ್ತುಸಂಗ್ರಹಾಲಯವಿದೆ.