ಅಂಧರ ಕೈಗೆ ಲೇಖನಿಯಿತ್ತ ಲೂಯಿ ಬ್ರೈಲ್

ಪ್ಯಾರಿಸ್ ನಗರದ ಪೂರ್ವಕ್ಕಿರುವ ಕೂವ್ರೆ ಗ್ರಾಮದಲ್ಲಿ 1809ರ ಜನವರಿ 4ರಂದು ಲೂಯಿ ಬ್ರೈಲ್ ಜನಿಸಿದರು. ತಂದೆಯದು ಕುದುರೆಗಳ ಜೀನು, ಲಗಾಮುಗಳನ್ನು ಹೊಲಿಯುವ ಕಸುಬು. ಮೂರು ವರ್ಷದ ಲೂಯಿ ತಂದೆಯ ಕಾರ್ಯಾಗಾರದಲ್ಲಿ ತೊಗಲು ಚುಚ್ಚುವ ಹತಾರ ಹಿಡಿದು ಆಡುತ್ತಿದ್ದಾಗ ಅದು ಕಣ್ಣಿಗೆ ನಾಟಿತು. ನಂಜು ಮತ್ತೊಂದು ಕಣ್ಣಿಗೂ ಹರಡಿ, ಐದರ ವಯಸ್ಸಿಗೆ ದೃಷ್ಟಿ ಪೂರ್ಣವಾಗಿ ನಂದಿತು.

ಬಡವರ ಮನೆಯ ಅಂಧ ಮಗುವಿಗೆ ಭಿಕ್ಷೆಯೇ ಗತಿಯೆಂಬ ಕಾಲವದು. ಆದರೆ ಹೆತ್ತವರು ಮಗನನ್ನು ಮೂಲೆಗೆ ತಳ್ಳಲಿಲ್ಲ. ಊರಿನ ಧರ್ಮಕೇಂದ್ರದ ಗುರು ಪಲ್ವಿಯವರು ಬಾಲಕನಿಗೆ ಪಾಠ ಹೇಳಿದರು. ಆತ ಹಳ್ಳಿಯ ಶಾಲೆಯಲ್ಲಿ ಕಣ್ಣುಳ್ಳ ಮಕ್ಕಳ ಜೊತೆ ಕುಳಿತು ಕಲಿತನು. 1819ರಲ್ಲಿ ಪ್ಯಾರಿಸ್ಸಿನ ಅಂಧ ಮಕ್ಕಳ ರಾಜಶಾಲೆಯನ್ನು ಸೇರಿದನು.

ಅಲ್ಲಿದ್ದ ಪುಸ್ತಕಗಳು ಸಾಮಾನ್ಯ ಅಕ್ಷರಗಳನ್ನೇ ಉಬ್ಬಿಸಿ ಅಚ್ಚೊತ್ತಿದವು. ಅವು ಭಾರವಾಗಿದ್ದವು, ದುಬಾರಿಯಾಗಿದ್ದವು, ಬೆರಳೆಣಿಕೆಯಷ್ಟೇ ಇದ್ದವು. ಅವನ್ನು ತಡಕಿ ಓದಬಹುದಿತ್ತೇ ಹೊರತು ಆ ರೀತಿ ಅಂಧರು ತಾವೇ ಬರೆಯುವಂತಿರಲಿಲ್ಲ. ಕಣ್ಣಿಗೆ ಒಪ್ಪುವುದು ಬೆರಳಿಗೂ ಒಪ್ಪಬೇಕೆಂದು ಉಪಕಾರ ಮಾಡಹೊರಟವರು ಭಾವಿಸಿದ್ದರು.

1821ರಲ್ಲಿ ಸೈನ್ಯದ ನಿವೃತ್ತ ಅಧಿಕಾರಿ ಷಾರ್ಲ್ ಬಾರ್ಬಿಯೆ ರೂಪಿಸಿದ ಹನ್ನೆರಡು ಚುಕ್ಕಿಗಳ ಬರಹ ಆ ಶಾಲೆಗೆ ಪರಿಚಯವಾಯಿತು. ಅದರ ಒಂದು ಚಿಹ್ನೆ ಬೆರಳ ತುದಿಗಿಂತ ದೊಡ್ಡದಾಗಿತ್ತು. ಕಾಗುಣಿತಕ್ಕೂ ಅದರಲ್ಲಿ ಸ್ಥಾನವಿರಲಿಲ್ಲ. ಲೂಯಿ ಮೂರು ವರ್ಷ ಶ್ರಮಿಸಿ, 1824ರ ವೇಳೆಗೆ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಅದನ್ನು ಆರು ಚುಕ್ಕಿಗಳಿಗೆ ಇಳಿಸಿದರು. ಆರು ಚುಕ್ಕಿಗಳಿಂದ 63 ಚಿಹ್ನೆಗಳು ಹೊರಡುತ್ತವೆ. ಪ್ರತಿಯೊಂದೂ ಒಂದೇ ಸ್ಪರ್ಶಕ್ಕೆ ತಿಳಿಯುತ್ತದೆ. 1829ರಲ್ಲಿ ಈ ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಿದರು. ಸಂಗೀತಕ್ಕೂ ಅದರಲ್ಲಿ ಲಿಪಿಯಿತ್ತು.

ಬರೆಯಲು ಬೇಕಾದುದು ಕಿಂಡಿಗಳುಳ್ಳ ಒಂದು ಪಟ್ಟಿ, ಒಂದು ಮೊನೆಗಡ್ಡಿ, ದಪ್ಪ ಕಾಗದ, ಇಷ್ಟೇ. ಬಲದಿಂದ ಎಡಕ್ಕೆ ಚುಚ್ಚಿ ಹಾಳೆಯನ್ನು ಮಗುಚಿದರೆ ಉಬ್ಬಿದ ಅಕ್ಷರಗಳು ಎಡದಿಂದ ಬಲಕ್ಕೆ ಓದಲು ಸಿದ್ಧ. ಕಣ್ಣು ಕಳೆದ ಹತಾರವನ್ನೇ ಹೋಲುವ ಮೊನೆಯೊಂದು ಅಂಧರ ಲೇಖನಿಯಾಯಿತು.

1833ರಲ್ಲಿ ಬ್ರೈಲ್ ಅದೇ ಶಾಲೆಯಲ್ಲಿ ಪೂರ್ಣ ಉಪಾಧ್ಯಾಯರಾದರು. ಪ್ಯಾರಿಸ್ಸಿನ ಚರ್ಚುಗಳಲ್ಲಿ ಆರ್ಗನ್ ನುಡಿಸಿದರು. ಆದರೆ 1840ರಲ್ಲಿ ಅಧಿಕಾರಕ್ಕೆ ಬಂದ ಶಾಲೆಯ ಹೊಸ ನಿರ್ದೇಶಕರು ಚುಕ್ಕಿಗಳ ಲಿಪಿಯನ್ನು ನಿಷೇಧಿಸಿದರು. ವಿದ್ಯಾರ್ಥಿಗಳು ಗುಟ್ಟಾಗಿ ಬರೆಯುತ್ತಲೇ ಇದ್ದರು. ಕೊನೆಗೆ ನಿಷೇಧವೇ ಸೋತಿತು. 1844ರಲ್ಲಿ ಶಾಲೆಯ ನೂತನ ಕಟ್ಟಡದ ಉದ್ಘಾಟನೆಯಂದು ಈ ಲಿಪಿಯನ್ನು ಸಾರ್ವಜನಿಕರ ಮುಂದೆ ಪ್ರದರ್ಶಿಸಲಾಯಿತು.

ಕ್ಷಯರೋಗದಿಂದ ಬಹುಕಾಲ ಬಳಲಿದ ಬ್ರೈಲ್ 1852ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಸಂಸ್ಕಾರಗಳನ್ನು ಪಡೆದು ತೀರಿಕೊಂಡರು. ತೆರೆಯದೆ ಸುಡಬೇಕೆಂದು ಅವರು ಬಿಟ್ಟುಹೋದ ಪೆಟ್ಟಿಗೆಯೊಂದನ್ನು ಕುತೂಹಲದಿಂದ ತೆರೆದು ನೋಡಲಾಗಿ, ಬಡವಿದ್ಯಾರ್ಥಿಗಳು ಬರೆದುಕೊಟ್ಟ ಸಾಲದ ಚೀಟಿಗಳು ಅದರಲ್ಲಿ ತುಂಬಿದ್ದವು. ಸಾಲ ವಸೂಲಾಗಬಾರದೆಂಬುದೇ ಅವರ ಇಚ್ಛೆಯಾಗಿತ್ತು. ಚೀಟಿಗಳನ್ನು ಸುಡಲಾಯಿತು. ಎರಡು ವರ್ಷಗಳ ನಂತರ, 1854ರಲ್ಲಿ, ಫ್ರಾನ್ಸ್ ಅವರ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿತು.

1951ರಲ್ಲಿ ನಮ್ಮ ದೇಶದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ರೂಪುಗೊಂಡಿತು. ಕನ್ನಡದ ಅಕ್ಷರಗಳೂ ಆ ಆರು ಚುಕ್ಕಿಗಳಲ್ಲಿ ನೆಲೆ ಕಂಡಿವೆ.

ಅಂಧನಿಗೆ ಓದಿ ಹೇಳುವುದು ದಯೆ. ತಾನೇ ಓದಿ ಬರೆಯುವ ಸಾಧನವನ್ನು ಆತನ ಕೈಗೆಟುಕುವ ಬೆಲೆಯಲ್ಲಿ ಕೊಡುವುದು ನ್ಯಾಯ. ದಯೆಯಲ್ಲಿ ಆತ ನಮ್ಮನ್ನು ಕಾಯುತ್ತಾನೆ. ನ್ಯಾಯದಲ್ಲಿ ನಮ್ಮ ಸರಿಸಮಾನನಾಗಿ ನಿಲ್ಲುತ್ತಾನೆ. ನಮ್ಮ ಧರ್ಮಕೇಂದ್ರದಲ್ಲಿ ಕಣ್ಣಿಲ್ಲದ ಮಗುವೊಂದು ಮನೆಯ ಮೂಲೆಯಲ್ಲಿ ಕುಳಿತಿದ್ದರೆ, ಆ ಮಗುವಿಗೆ ನಮ್ಮ ಮರುಕಕ್ಕಿಂತ ಮೊದಲು ಬೇಕಾದುದು ಒಂದು ಶಾಲೆ, ಒಂದು ಪಟ್ಟಿ, ಒಂದು ಮೊನೆಗಡ್ಡಿ.