ಕೆ.ವಿ. ಅಯ್ಯರ್

ಕೆ.ವಿ. ಅಯ್ಯರ್ (1897–1980) ಬೆಂಗಳೂರಿನ ಪ್ರಸಿದ್ಧ ವ್ಯಾಯಾಮ ಶಿಕ್ಷಕರು, ಅಂಗಸಾಧಕರು ಹಾಗೂ ಕನ್ನಡದ ಕಾದಂಬರಿಕಾರರು. ಇವರ ಪೂರ್ಣ ಹೆಸರು ಕೋಲಾರ ವೆಂಕಟೇಶ ಅಯ್ಯರ್. ಸಾಹಿತ್ಯಾಸಕ್ತರು ಇವರನ್ನು 'ಶಾಂತಲಾ' ಮತ್ತು 'ರೂಪದರ್ಶಿ' ಕಾದಂಬರಿಗಳ ಕರ್ತೃವಾಗಿ ಬಲ್ಲರು. ವ್ಯಾಯಾಮದ ವೇಳೆ ದೇಹದೊಳಗೆ ಜರುಗುವ ರಾಸಾಯನಿಕ ಬದಲಾವಣೆಗಳನ್ನು ಕುರಿತು 1943ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೂ ಇವರು ರಚಿಸಿದ್ದರು.

ಆರಂಭಿಕ ಜೀವನ

ಅಯ್ಯರ್ ಅವರು ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ ಜನಿಸಿದರು. ಅಂದಿನ ಹಳೆಯ ಮೈಸೂರು ಸೀಮೆಯಲ್ಲಿ ದೇಹಬಲವೆಂದರೆ ಗರಡಿಮನೆಯ ಕುಸ್ತಿ, ದಂಡೆ, ಬಸ್ಕಿ ಮತ್ತು ಸಾಮು. ಅದೇ ಕಾಲಕ್ಕೆ ಯೂಜೆನ್ ಸ್ಯಾಂಡೋ ಮೊದಲಾದ ಪಾಶ್ಚಾತ್ಯ ಅಂಗಸಾಧಕರ ಹೆಸರು ಭಾರತದಲ್ಲಿಯೂ ಹಬ್ಬತೊಡಗಿತ್ತು. ಅಯ್ಯರ್ ಈ ಎರಡು ಧಾರೆಗಳಿಂದಲೂ ಕಲಿತು, ಕಟ್ಟುನಿಟ್ಟಾದ ಸಾಧನೆಯಿಂದ ತಮ್ಮ ಶರೀರವನ್ನು ರೂಪಿಸಿಕೊಂಡರು. ಅವರ ಭಾವಚಿತ್ರಗಳು ವಿದೇಶಗಳ ದೇಹದಾರ್ಢ್ಯ ಪತ್ರಿಕೆಗಳಲ್ಲಿಯೂ ಪ್ರಕಟವಾದವು.

ವ್ಯಾಯಾಮಶಾಲೆ

1920ರ ದಶಕದಲ್ಲಿ ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಷಿಯಂ ಎಂಬ ವ್ಯಾಯಾಮಶಾಲೆಯನ್ನು ನಡೆಸತೊಡಗಿದರು. ಊರಿಗೆ ಬಂದು ಕಲಿಯಲಾಗದವರಿಗಾಗಿ ಅಂಚೆಯ ಮೂಲಕ ಪಾಠ ಕಳುಹಿಸುವ ಶಾಖೆಯನ್ನೂ ತೆರೆದರು. ಮೈಸೂರಿನ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಶ್ರಯ ಈ ಕಾರ್ಯಕ್ಕೆ ದೊರೆಯಿತು. ಮೈಸೂರಿನ ಜಗನ್ಮೋಹನ ಅರಮನೆಯ ಆವರಣದಲ್ಲಿ ಅಯ್ಯರ್ ಪದ್ಧತಿಯ ವ್ಯಾಯಾಮಶಾಲೆಯೊಂದನ್ನು ಅವರ ಶಿಷ್ಯ ಅನಂತ ರಾವ್ ನಡೆಸುತ್ತಿದ್ದರು. ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆಯೂ ಅದೇ ಅರಮನೆಯಲ್ಲಿತ್ತು.

ಸಾಧನಾ ಪದ್ಧತಿ

ಅಯ್ಯರ್ ಅವರ ಪದ್ಧತಿಯಲ್ಲಿ ಭಾರ ಎತ್ತುವಿಕೆ, ಸ್ನಾಯುನಿಯಂತ್ರಣ, ಸೂರ್ಯನಮಸ್ಕಾರ, ಹಠಯೋಗದ ಆಸನಗಳು ಮತ್ತು ಅಂಗಮರ್ದನ ಒಂದುಗೂಡಿದ್ದವು. ಯೋಗಾಚಾರ್ಯ ಎಸ್. ಸುಂದರಂ ಅವರೊಡನೆ ಸೇರಿ ಅವರು ಪ್ರಾತ್ಯಕ್ಷಿಕೆಗಳನ್ನು ನೀಡುತ್ತಿದ್ದರು. ಬಲಪ್ರದರ್ಶನಕ್ಕಿಂತ ಅಂಗಾಂಗಗಳ ಸಮತೋಲನ ಮತ್ತು ಆರೋಗ್ಯಕ್ಕೆ ಈ ಪದ್ಧತಿಯಲ್ಲಿ ಹೆಚ್ಚಿನ ಸ್ಥಾನವಿತ್ತು. 'ಮಸಲ್ ಕಲ್ಟ್' (1930), 'ಪರ್ಫೆಕ್ಟ್ ಫಿಸೀಕ್' (1936) ಮತ್ತು 'ಸೂರ್ಯನಮಸ್ಕಾರ್' (1937) ಈ ವಿಷಯದಲ್ಲಿ ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕಗಳು.

ತೀವ್ರ ವ್ಯಾಯಾಮ ಮತ್ತು ದೇಹ

1943ರ 'ಕೆಮಿಕಲ್ ಚೇಂಜಸ್ ಇನ್ ಫಿಸಿಕಲ್ ಎಕ್ಸರ್‌ಸೈಜ್' ಪ್ರಕಟವಾಗುವ ವೇಳೆಗೆ ಸ್ನಾಯುಗಳ ರಸಾಯನ ವಿಜ್ಞಾನ ಹೊಸ ಘಟ್ಟವನ್ನು ಮುಟ್ಟಿತ್ತು. ಆಮ್ಲಜನಕ ಸಾಲದೆ ದುಡಿಯುವ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರವಾಗುವುದನ್ನು ಫ್ಲೆಚರ್ ಮತ್ತು ಹಾಪ್ಕಿನ್ಸ್ 1907ರಲ್ಲಿ ತೋರಿಸಿದ್ದರು. ಸ್ನಾಯುಕ್ರಿಯೆಯನ್ನು ಕುರಿತ ಸಂಶೋಧನೆಗೆ ಎ.ವಿ. ಹಿಲ್ ಮತ್ತು ಓಟೊ ಮೈಯರ್‌ಹಾಫ್ 1922ರ ನೊಬೆಲ್ ಪುರಸ್ಕಾರ ಪಡೆದರು. ಶಕ್ತಿಯನ್ನು ನೇರವಾಗಿ ಒದಗಿಸುವ ಎಟಿಪಿ ಎಂಬ ವಸ್ತು 1929ರಲ್ಲಿ ಪತ್ತೆಯಾಯಿತು. ಇಂತಹ ವಿಷಯವನ್ನು ಬೆಂಗಳೂರಿನ ವ್ಯಾಯಾಮ ಶಿಕ್ಷಕರೊಬ್ಬರು ಪುಸ್ತಕವಾಗಿಸಿದ್ದು ಗಮನಾರ್ಹ. ದೇಹ ಏಕೆ ದಣಿಯುತ್ತದೆ ಎಂಬುದನ್ನು ಅರಿಯದೆ ಶಿಷ್ಯನಿಗೆ ಎಷ್ಟು ದುಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನಿರ್ಧರಿಸುವುದು ಕಷ್ಟ.

ಇಂದಿನ ತಿಳಿವಳಿಕೆಯಂತೆ, ಪೂರ್ಣ ಶಕ್ತಿ ಹಾಕಿ ಭಾರ ಎತ್ತಿದಾಗ ಅಥವಾ ಓಡಿದಾಗ ಮೊದಲ ಹತ್ತು ಸೆಕೆಂಡುಗಳಷ್ಟು ಕಾಲ ಸ್ನಾಯುವಿನಲ್ಲಿರುವ ಎಟಿಪಿ ಮತ್ತು ಕ್ರಿಯಾಟಿನ್ ಫಾಸ್ಫೇಟ್‌ಗಳೇ ಮುಖ್ಯ ಆಸರೆ. ಬಳಿಕ ಸ್ನಾಯುವಿನಲ್ಲಿ ಶೇಖರಗೊಂಡ ಗ್ಲೈಕೋಜನ್ ವೇಗವಾಗಿ ಒಡೆದು ಶಕ್ತಿ ದೊರೆಯುತ್ತದೆ. ಆಗ ಲ್ಯಾಕ್ಟೇಟ್ ಹೆಚ್ಚಿ, ಸ್ನಾಯುವಿನ ಆಮ್ಲೀಯತೆ ಏರುತ್ತದೆ. ಉರಿ ಮತ್ತು ದಣಿವು ಕಾಣಿಸಿಕೊಳ್ಳುವುದು ಈ ಹಂತದಲ್ಲಿ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹರಿಸುವ ಹೃದಯ, ಕಠಿಣ ಶ್ರಮದಲ್ಲಿ 20 ಲೀಟರ್ ಅಥವಾ ಅದಕ್ಕಿಂತ ಹೆಚ್ಚು ಹರಿಸಬಲ್ಲದು. ಅದರ ಬಹುಪಾಲು ಸ್ನಾಯುಗಳತ್ತ ತಿರುಗುವುದರಿಂದ ಜೀರ್ಣಾಂಗಗಳಿಗೆ ಸಲ್ಲುವ ರಕ್ತ ಕುಗ್ಗುತ್ತದೆ. ಉಂಡ ಕೂಡಲೇ ಸಾಮು ಮಾಡಬಾರದೆಂಬ ಗರಡಿಮನೆಯ ನಿಯಮಕ್ಕೆ ಇಲ್ಲಿ ಸಮರ್ಥನೆ ಸಿಗುತ್ತದೆ.

ಸಾಧನೆ ನಿಂತ ಮೇಲೂ ಏದುಸಿರು ಸ್ವಲ್ಪ ಹೊತ್ತು ನಿಲ್ಲುವುದಿಲ್ಲ. ಇದನ್ನು ಹಿಲ್ ಆಮ್ಲಜನಕದ ಸಾಲವೆಂದು ಕರೆದರು. ಕ್ರಿಯಾಟಿನ್ ಫಾಸ್ಫೇಟ್‌ನ ಹೆಚ್ಚಿನ ಭಾಗ ಕೆಲವೇ ನಿಮಿಷಗಳಲ್ಲಿ ಮರಳಿ ತುಂಬುತ್ತದೆ. ಹೃದಯವು ಲ್ಯಾಕ್ಟೇಟನ್ನು ಇಂಧನವಾಗಿ ಬಳಸುತ್ತದೆ, ಯಕೃತ್ತು ಅದನ್ನು ಮತ್ತೆ ಗ್ಲೂಕೋಸ್ ಆಗಿ ಮಾರ್ಪಡಿಸುತ್ತದೆ. ಹೀಗೆ ಸುಮಾರು ಒಂದು ಗಂಟೆಯಲ್ಲಿ ಅದು ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಆದುದರಿಂದ ಮರುದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣವಲ್ಲ. ರೂಢಿಯಿಲ್ಲದ ಶ್ರಮದಿಂದ ಸ್ನಾಯುತಂತುಗಳಲ್ಲಿ ಉಂಟಾಗುವ ಸೂಕ್ಷ್ಮ ಹಾನಿ ಮತ್ತು ಅದರ ದುರಸ್ತಿಯ ಕ್ರಿಯೆಯೇ ಅದಕ್ಕೆ ಮೂಲ. ಸ್ನಾಯುವನ್ನು ಬೆಳೆಯುವಂತೆ ಪ್ರೇರೇಪಿಸುವುದು ಶ್ರಮ. ಬೆಳವಣಿಗೆ ನಡೆಯುವುದು ನಂತರದ ವಿಶ್ರಾಂತಿ ಮತ್ತು ಆಹಾರದ ಬಲದಿಂದ.

ಮಿತಿ ಮೀರಿದ ಶ್ರಮ ಅಪಾಯಕಾರಿಯೂ ಹೌದು. ಉಸಿರು ಬಿಗಿಹಿಡಿದು ಭಾರ ಎತ್ತಿದಾಗ ರಕ್ತದ ಒತ್ತಡ ಹಠಾತ್ತನೆ ಏರುತ್ತದೆ. ರೂಢಿಯಿಲ್ಲದವರು ಏಕಾಏಕಿ ಅತಿಯಾಗಿ ದುಡಿದರೆ ಸ್ನಾಯುಗಳು ಒಡೆದು, ಅವುಗಳ ಅಂಶ ರಕ್ತಕ್ಕೆ ಸೇರಿ, ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ಅಂತಹ ಸ್ಥಿತಿಯಲ್ಲಿ ಮೂತ್ರ ಕಡುಗಂದು ಬಣ್ಣಕ್ಕೆ ತಿರುಗುವುದುಂಟು. ಆಗ ತಡಮಾಡದೆ ವೈದ್ಯರನ್ನು ಕಾಣಬೇಕಾಗುತ್ತದೆ.

ಸಾಹಿತ್ಯ ಮತ್ತು ರಂಗಭೂಮಿ

ನಾಟಕಕಾರ ಟಿ.ಪಿ. ಕೈಲಾಸಂ ಅವರು ಅಯ್ಯರ್ ಅವರ ಆಪ್ತರಾಗಿದ್ದರು. ಅವರನ್ನು ಕುರಿತು ಅಯ್ಯರ್ 'ಕೈಲಾಸಂ ಸ್ಮರಣೆ' ಎಂಬ ಕೃತಿಯನ್ನು ರಚಿಸಿದರು. ರವಿ ಕಲಾವಿದರು ಎಂಬ ಹವ್ಯಾಸಿ ನಾಟಕ ತಂಡದೊಂದಿಗೂ ಇವರ ಹೆಸರು ಸೇರಿದೆ.

'ಶಾಂತಲಾ' ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿಯನ್ನು ಕುರಿತ ಐತಿಹಾಸಿಕ ಕಾದಂಬರಿ. 'ರೂಪದರ್ಶಿ' ಇಟಲಿಯ ಕಲಾವಿದನೊಬ್ಬನ ಸುತ್ತ ಹೆಣೆದ ಕಥೆ. ಬಾಲಯೇಸುವಿನ ಚಿತ್ರಕ್ಕೆ ರೂಪದರ್ಶಿಯಾಗಿದ್ದ ಮುಗ್ಧ ಹುಡುಗನೇ ವರ್ಷಗಳ ನಂತರ, ಗುರುದ್ರೋಹಿ ಜೂದಾಸನ ಚಿತ್ರಕ್ಕೂ ರೂಪದರ್ಶಿಯಾಗುತ್ತಾನೆ. ಬದುಕಿದ ರೀತಿಯಿಂದ ಮನುಷ್ಯನ ಮುಖಚಹರೆ ಎಷ್ಟು ಮಾರ್ಪಡಬಲ್ಲದು ಎಂಬುದು ಇದರ ವಸ್ತು. ಶರೀರವನ್ನು ತಿದ್ದುವುದನ್ನೇ ವೃತ್ತಿಯಾಗಿಸಿಕೊಂಡ ಲೇಖಕರು ಇಂತಹ ವಸ್ತುವನ್ನು ಆರಿಸಿಕೊಂಡದ್ದು ಸಹಜವಾಗಿಯೇ ಇದೆ. 'ಲೀನಾ' ಇವರ ಮತ್ತೊಂದು ಕಾದಂಬರಿ.

ನಿಧನ

ಅಯ್ಯರ್ ಅವರು 1980ರಲ್ಲಿ ನಿಧನರಾದರು. ಅಂಗಸಾಧನೆ ಮತ್ತು ಯೋಗಾಸನಗಳನ್ನು ಒಂದೇ ಸಾಧನೆಯೊಳಗೆ ತಂದ ಆರಂಭಿಕರಲ್ಲಿ ಒಬ್ಬರೆಂದು ಆಧುನಿಕ ಯೋಗದ ಇತಿಹಾಸಕಾರರು ಅವರನ್ನು ಗುರುತಿಸುತ್ತಾರೆ. ಕನ್ನಡ ಓದುಗರಲ್ಲಿ ಅವರ ಹೆಸರು ಹೆಚ್ಚಾಗಿ ಕಾದಂಬರಿಗಳ ಮೂಲಕ ಉಳಿದುಬಂದಿದೆ.