ಜಗಜಟ್ಟಿ ಗಾಮಾ

1888ನೆಯ ಇಸವಿಯಲ್ಲಿ ಜೋಧಪುರದ ಮಹಾರಾಜರು ದೇಶದ ನಾನಾ ಭಾಗಗಳಿಂದ ಪೈಲವಾನರನ್ನು ಕರೆಸಿ ಒಂದು ಪಂದ್ಯವನ್ನು ಏರ್ಪಡಿಸಿದರು. ಅದು ಕುಸ್ತಿಯ ಪಂದ್ಯವಲ್ಲ, ಬಸ್ಕಿ ಹೊಡೆಯುವ ಪಂದ್ಯ. ಕೊನೆಯವರೆಗೆ ಯಾರು ನಿಲ್ಲುವರೋ ಅವರೇ ಗೆದ್ದಂತೆ. ನಾನೂರಕ್ಕೂ ಮಿಕ್ಕಿ ಜಟ್ಟಿಗಳು ಬಂದಿದ್ದರಂತೆ. ಹೊತ್ತು ಏರಿದಂತೆಲ್ಲ ಒಬ್ಬೊಬ್ಬರಾಗಿ ಕುಸಿದರು. ಹದಿನೈದು ಮಂದಿ ಮಾತ್ರ ಉಳಿದಾಗ ಅವರ ನಡುವೆ ಹತ್ತು ವರ್ಷದ ಪೋರನೊಬ್ಬನು ಇನ್ನೂ ಕೂತು ಏಳುತ್ತಲೇ ಇದ್ದನು. ಮಹಾರಾಜರು ಪಂದ್ಯವನ್ನು ಅಲ್ಲಿಗೇ ನಿಲ್ಲಿಸಿ, ಅವನ ಎಳೆಯ ವಯಸ್ಸನ್ನು ಗಣಿಸಿ, ಅವನೇ ಗೆದ್ದನೆಂದು ಸಾರಿದರು. ಅವನೇ ಮುಂದೆ ಜಗತ್ಪ್ರಸಿದ್ಧನಾದ ಗಾಮಾ.

ಈ ಕಥೆಯನ್ನು ಹೇಳುವವರು ಬಹುಮಟ್ಟಿಗೆ ಇಲ್ಲಿಗೇ ಮುಗಿಸಿಬಿಡುತ್ತಾರೆ. ನಮಗಾದರೋ ಅದರ ಮುಂದಿನ ಸಂಗತಿಯೇ ಹೆಚ್ಚು ಮುಖ್ಯವೆನಿಸುತ್ತದೆ. ಗೆದ್ದುಬಂದ ಹುಡುಗನು ಹಾಸಿಗೆ ಹಿಡಿದನು. ಮೈಕೈ ನೋವಿನಿಂದ ಒಂದು ವಾರ ಏಳಲಾರದೆ ಹೋದನೆಂದು ಹೇಳುತ್ತಾರೆ. ನೋವು ಇಳಿದ ಮೇಲೆ ಮತ್ತೆ ಗರಡಿಗೆ ನಡೆದನು.

ಗಾಮಾನ ನಿಜವಾದ ಹೆಸರು ಗುಲಾಮ್ ಮಹಮ್ಮದ್. 1878ರಲ್ಲಿ, ಕುಸ್ತಿಯೇ ಕುಲವೃತ್ತಿಯಾಗಿದ್ದ ಕಾಶ್ಮೀರಿ ಮೂಲದ ಮನೆತನದಲ್ಲಿ ಅವನ ಜನನವಾಯಿತು. ತಂದೆ ಅಜೀಜ್ ಬಕ್ಷ್ ಹೆಸರಾಂತ ಪೈಲವಾನನು. ಮಗನಿಗೆ ಆರು ವರ್ಷವಾಗುವ ಹೊತ್ತಿಗೆ ತಂದೆಯು ತೀರಿಕೊಂಡನು. ಮೊದಲು ತಾತನೂ, ಅವನ ತರುವಾಯ ಸೋದರಮಾವನೂ ಹುಡುಗನನ್ನು ಸಾಕಿ ಸಾಮು ಕಲಿಸಿದರು. ತಂದೆ ಬಿಟ್ಟುಹೋದ ಕೆಲಸವನ್ನು ಮಗನು ಮುಂದುವರಿಸಬೇಕೆಂಬುದೊಂದೇ ಅವರ ಹಟ. ಜೋಧಪುರಕ್ಕೆ ಹೋಗುವ ಮೊದಲೇ ಅವನು ದಿನವೂ ಐನೂರು ಬಸ್ಕಿ, ಐನೂರು ದಂಡೆ ಹೊಡೆಯುತ್ತಿದ್ದನಂತೆ. ಅಂದಮೇಲೆ ಆ ಗೆಲುವು ಒಂದು ದಿನದ ಪವಾಡವಾಗಿರಲಿಲ್ಲ.

ತರುವಾಯ ದತಿಯಾ ಸಂಸ್ಥಾನದ ಆಶ್ರಯ ದೊರೆಯಿತು. ಪ್ರಾಯಕ್ಕೆ ಬಂದ ಮೇಲೆ ಅವನು ಪ್ರತಿದಿನ ಗರಡಿಯ ಮಣ್ಣಿನಲ್ಲಿ ನಲವತ್ತು ಮಂದಿ ಜೊತೆಗಾರರೊಡನೆ ಸೆಣಸುತ್ತಿದ್ದನೆಂದೂ, ಐದು ಸಾವಿರ ಬಸ್ಕಿ, ಮೂರು ಸಾವಿರ ದಂಡೆ ಹೊಡೆಯುತ್ತಿದ್ದನೆಂದೂ ಜನ ಹೇಳುವುದುಂಟು. ಬಾಯಿಂದ ಬಾಯಿಗೆ ಬಂದ ಲೆಕ್ಕವಾದುದರಿಂದ ಒಂದೆರಡು ಸೊನ್ನೆಗಳ ಬಗೆಗೆ ನಾವು ವಾದಿಸಹೊರಡುವುದಿಲ್ಲ. ಆದರೆ ಹಾಲು, ತುಪ್ಪ, ಬಾದಾಮಿಗಳ ಖರ್ಚನ್ನು ಸಂಸ್ಥಾನವು ಹೊರುತ್ತಿದ್ದಿತೆಂಬುದನ್ನು ಮರೆಯಬಾರದು. ಉಪವಾಸದ ಹೊಟ್ಟೆಯಲ್ಲಿ ಯಾರೂ ಜಟ್ಟಿಯಾಗಲಿಲ್ಲ.

ಮೈನೋವಿನ ವಿಷಯವನ್ನು ಇಲ್ಲಿಯೇ ಸ್ವಲ್ಪ ವಿವರಿಸುವುದು ಒಳ್ಳೆಯದು. ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ಕಸರತ್ತಿನ ತರಗತಿಗೆ ಮೊದಲ ದಿನ ಅರವತ್ತು ಮಂದಿ ಬಂದರೆ ಮೂರನೆಯ ದಿನ ಇಪ್ಪತ್ತು ಮಂದಿಯನ್ನು ಕಾಣುತ್ತೇವೆ. ಉಳಿದವರು ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡು ನಡೆಯುತ್ತಿರುತ್ತಾರೆ! ರೂಢಿಯಿಲ್ಲದ ಕೆಲಸ ಮಾಡಿದಾಗ ಸ್ನಾಯುವಿನ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪೆಟ್ಟು ಬೀಳುತ್ತದೆ. ಅದರ ನೋವು ಆಗಲೇ ತೋರದೆ, ಮರುದಿನವೋ ಅದರ ಮರುದಿನವೋ ಹೆಚ್ಚಾಗಿ, ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ದೇಹವು ಆ ಎಳೆಗಳನ್ನು ಸರಿಪಡಿಸಿಕೊಂಡ ಮೇಲೆ ಅದೇ ಕೆಲಸವು ಮುಂದಿನ ಸಲ ಅಷ್ಟು ನೋಯಿಸುವುದಿಲ್ಲ. ಆಗ ಲೆಕ್ಕವನ್ನು ಸ್ವಲ್ಪ ಏರಿಸಬಹುದು. ಮೂರನೆಯ ದಿನಕ್ಕೆ ಬಿಟ್ಟುಹೋದವನು ಬಹುಮಾನದ ಬಾಗಿಲಿನಿಂದಲೇ ಹಿಂದಿರುಗಿದಂತಾಯಿತು. ಮತ್ತೆ ಬಂದಾಗ ಅದೇ ನೋವನ್ನು ಮೊದಲಿನಿಂದ ತಿನ್ನಬೇಕು. ಕೀಲಿನಲ್ಲಿ ಚುಚ್ಚಿದಂತಾಗುವ ನೋವು, ಊತ, ಕಾಲೂರಲಾಗದ ನೋವು ಇವು ಬೇರೆಯ ಜಾತಿಯವು. ಅಂಥದಾದರೆ ಹಟ ಮಾಡದೆ ವೈದ್ಯರಿಗೆ ತೋರಿಸಬೇಕು.

ಗಾಮಾನ ಎತ್ತರ ಐದು ಅಡಿ ಏಳು ಅಂಗುಲ ಮಾತ್ರ. 1910ರಲ್ಲಿ ಬಂಗಾಳದ ಶ್ರೀಮಂತನೊಬ್ಬನ ನೆರವಿನಿಂದ ತಮ್ಮ ಇಮಾಮ್ ಬಕ್ಷನೊಡನೆ ಲಂಡನ್ನಿಗೆ ಹೋದಾಗ, ಇಷ್ಟು ಗಿಡ್ಡನಾದವನಿಗೆ ಪಂದ್ಯದಲ್ಲಿ ಸ್ಥಳವಿಲ್ಲವೆಂದರು. ಆಗ ಅವನು ಯಾವ ತೂಕದವರೇ ಆಗಲಿ, ಮೂವರು ಜಟ್ಟಿಗಳನ್ನು ಅರ್ಧ ಗಂಟೆಯೊಳಗೆ ಕೆಡವುವೆನೆಂದು ಸವಾಲು ಹಾಕಿದನು. ಬಹುಕಾಲ ಯಾರೂ ಅದನ್ನು ನಂಬಲಿಲ್ಲ. ಕೊನೆಗೆ ಮುಂದೆ ಬಂದ ಅಮೆರಿಕದ ರೋಲರನು ಎರಡೆರಡು ಬಾರಿ ಅಂಗಾತ ಬಿದ್ದನು.

ಸೆಪ್ಟೆಂಬರ್ 10ರಂದು ಪೋಲೆಂಡಿನ ಜ್ಬಿಸ್ಕೊನೊಡನೆ ದೊಡ್ಡ ಕುಸ್ತಿ ನಡೆಯಿತು. ಗಾಮಾನ ಹಿಡಿತದ ರುಚಿ ಕಂಡೊಡನೆ ಆ ದೈತ್ಯನು ನೆಲಕ್ಕೆ ಅಂಟಿಕೊಂಡುಬಿಟ್ಟನು. ಎರಡೂವರೆ ಗಂಟೆಗೂ ಮಿಕ್ಕಿ ಗಾಮಾ ಅವನನ್ನು ಮಗುಚಲು ಯತ್ನಿಸಿದನು, ಆಗಲಿಲ್ಲ. ಸಮಸಮವೆಂದು ತೀರ್ಪಾಯಿತು. ಪ್ರೇಕ್ಷಕರಿಗೆ ಬೇಸರ ಬಂದಿದ್ದರೆ ಆಶ್ಚರ್ಯವಿಲ್ಲ. ವಾರ ಬಿಟ್ಟು ಸೆಪ್ಟೆಂಬರ್ 17ರಂದು ಮತ್ತೆ ಸೆಣಸಬೇಕೆಂದು ನಿಶ್ಚಯವಾಗಿದ್ದಿತು. ಆ ದಿನ ಗಾಮಾ ಬಂದು ನಿಂತನು, ಜ್ಬಿಸ್ಕೊ ಬರಲಿಲ್ಲ. ‘ಜಾನ್ ಬುಲ್’ ಪಟ್ಟಿಯು ಗಾಮಾನ ಪಾಲಿಗೆ ಬಂದಿತು. ಬಿಳಿಯರು ಆಳುತ್ತಿದ್ದ ಕಾಲದಲ್ಲಿ, ಅವರದೇ ರಾಜಧಾನಿಯಲ್ಲಿ ದೊರೆತ ಈ ಪಟ್ಟಿಯಿಂದ ಇಲ್ಲಿಯ ಜನರಿಗಾದ ಹಿಗ್ಗನ್ನು ಇಂದಿನ ಮಕ್ಕಳು ಊಹಿಸಿಕೊಳ್ಳಬೇಕು.

ಹಿಂದಿರುಗಿದ ಮೇಲೆ, ಎತ್ತರದಲ್ಲಿ ತನ್ನನ್ನು ಬಹುವಾಗಿ ಮೀರಿದ ರಹೀಮ್ ಬಕ್ಷ್ ಸುಲ್ತಾನಿವಾಲಾನನ್ನು ಅಲಹಾಬಾದಿನಲ್ಲಿ ಸೋಲಿಸಿದನು. ಹಿಂದೆ ಲಾಹೋರಿನಲ್ಲಿ ಹದಿಹರೆಯದ ಗಾಮಾ ಇದೇ ರಹೀಮನೊಡನೆ ಸಮಸಮವಾಗಿ ಬಿಟ್ಟಿದ್ದನು.

ಇಷ್ಟು ಕೀರ್ತಿ ಬಂದ ಮೇಲೆ ಯಾರಾದರೂ ಸಾಮನ್ನು ಬಿಟ್ಟು ಸುಖವಾಗಿ ಕೂಡಬಹುದಿತ್ತು. ಬಿಡದಿದ್ದುದಕ್ಕೆ 1928ರ ಜನವರಿಯೇ ಸಾಕ್ಷಿ. ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗರು ಜ್ಬಿಸ್ಕೊನನ್ನು ಕರೆಸಿ, ಹದಿನೇಳು ವರ್ಷಗಳ ಹಿಂದೆ ಅರ್ಧಕ್ಕೆ ನಿಂತ ಕುಸ್ತಿಯನ್ನು ಮುಗಿಸಲು ಅನುವು ಮಾಡಿಕೊಟ್ಟರು. ಗಾಮಾನಿಗೆ ಆಗ ಐವತ್ತರ ಸಮೀಪ. ಕುಸ್ತಿ ಆರಂಭವಾಗಿ ಒಂದು ನಿಮಿಷ ಕಳೆಯುವುದರೊಳಗೆ ಜ್ಬಿಸ್ಕೊನ ಬೆನ್ನು ಮಣ್ಣಿಗೆ ತಾಗಿತು. ಲಂಡನ್ನಿನ ಎರಡೂವರೆ ಗಂಟೆ, ಪಟಿಯಾಲಾದ ಒಂದು ನಿಮಿಷ! ಮೊದಲನೆಯದು ಮೆತ್ತನೆಯ ಹಾಸಿನ ಮೇಲೆ, ಎರಡನೆಯದು ನಮ್ಮ ಗರಡಿಯ ಮಣ್ಣಿನ ಮೇಲೆ ನಡೆದುದೆಂಬುದನ್ನೂ ಹೇಳುವುದು ನ್ಯಾಯ.

1947ರ ದೇಶವಿಭಾಗದ ಕಾಲದಲ್ಲಿ ಗಾಮಾ ಲಾಹೋರಿನಲ್ಲಿದ್ದನು. ತನ್ನ ಬೀದಿಯ ಹಿಂದೂ ಕುಟುಂಬಗಳ ಮೇಲೆ ಗುಂಪು ಏರಿಬಂದಾಗ ತನ್ನ ಶಿಷ್ಯರೊಡನೆ ಅಡ್ಡನಿಂತು ಅವರನ್ನು ಕಾಪಾಡಿದನೆಂದು ಹೇಳುತ್ತಾರೆ. ಕುಸ್ತಿಯನ್ನು ಸಾಕಿದ ಸಂಸ್ಥಾನಗಳು ಒಂದೊಂದಾಗಿ ಇಲ್ಲವಾದವು. ಹಾಲು ಬಾದಾಮಿಗಳ ಖರ್ಚು ಹೊರುವವರಿಲ್ಲದೆ ಹೋದರು. ಕೊನೆಯ ವರ್ಷಗಳು ಕಾಯಿಲೆಯಲ್ಲಿಯೂ ಬಡತನದಲ್ಲಿಯೂ ಕಳೆದವು. 1960ರ ಮೇ 23ರಂದು ಅವನು ಲಾಹೋರಿನಲ್ಲಿ ತೀರಿಕೊಂಡನು. ಅಲ್ಲಿಯೇ ಅವನನ್ನು ಮಣ್ಣು ಮಾಡಿದರು.